ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ್ಮ್ಯಾಲ ಕರಿ ಬಣ್ಣ ಬೂದಿ ಆತು: ಐದು ತಿಂಗಳ ಬಳಸಿ ಬರಿತಿರೋ ರಿವ್ಯೂ

ನಂದು ಗಂಗಾವತಿ. ಮದುವಿ ಆಲ್ಬಮ್ ಡಿಸೈನ್ ಮಾಡ್ತೀನಿ, ಸೀಜನ್ ಇದ್ದಾಗ ವಿಡಿಯೋ ಎಡಿಟಿಂಗೂ ಇರ್ತೈತಿ, ಸುತ್ತಮುತ್ತ ಕಾರಟಗಿ, ಕನಕಗಿರಿ, ಸಿಂಧನೂರು ಕಡೆ ಫೋಟೋಗ್ರಾಫರ್‌ಗಳು ಮೆಮೊರಿ ಕಾರ್ಡ್ ತಂದು ಕೊಟ್ಟು ಹೋಗ್ತಾರ, ನಾನು ಸೀಟ್ (ಆಲ್ಬಮ್ ಹಾಳಿ) ಮಾಡಿ ಹುಬ್ಬಳ್ಳಿ ಲ್ಯಾಬಿಗೆ ಪ್ರಿಂಟಿಗೆ ಕಳಸ್ತೀನಿ. ಒಂಬತ್ತು ವರ್ಷದಿಂದ ಇದ ಕೆಲಸ. ಅಂದ್ರ ಬಣ್ಣ ಅನ್ನೋದು ನನಗ ಶೋಕಿ ಅಲ್ಲ, ಊಟ. ಅದಕ್ಕ ಈ ರಿವ್ಯೂ ಸ್ವಲ್ಪ ಉದ್ದ ಆಗ್ತೈತಿ, ಪೂರ್ತಿ ಓದ್ರಿ, ಯಾಕಂದ್ರ ನನ್ನಂಗ ಎಷ್ಟೋ ಮಂದಿ ಇದ ಕಾರಣಕ್ಕ ಚಲೋ ಕಾರ್ಡ್ ವಾಪಸ್ ಕೊಟ್ಟಾರ, ಚಲೋ ಮಾನಿಟರ್ ಮಾರ‍್ಯಾರ.

ಐದು ತಿಂಗಳ ಹಿಂದ ಹಳೆ ಗ್ರಾಫಿಕ್ಸ್ ಕಾರ್ಡ್, ಅಂದ್ರ ಕಂಪ್ಯೂಟರಿನಿಂದ ಮಾನಿಟರ್‌ಗೆ ಚಿತ್ರ ಕಳಿಸೋ ಭಾಗ, ಸತ್ತು ಹೋತು. ಹೊಸದನ್ನ ಬಳ್ಳಾರಿಗೆ ಹೋಗಿ ತಂದೆ, 17,800 ರೂಪಾಯಿ ಕೊಟ್ಟೆ. ಕಂಪನಿ ಹೆಸರು, ಅಂಗಡಿ ಹೆಸರು ಎರಡೂ ಬರಿಯಂಗಿಲ್ಲ. ಬೇಕಂತನ ಬರಿತಿಲ್ಲ, ಯಾಕಂದ್ರ ಆಮ್ಯಾಲ ದೋಸ್ತನ ಹತ್ರ ಇದ್ದ ಬ್ಯಾರೆ ಕಂಪನಿ ಕಾರ್ಡ್ ಹಾಕಿ ನೋಡಿದ್ವಿ, ಅದರಾಗೂ ಇದ ತೊಂದ್ರಿ ಬಂತು. ಒಂದು ಕಂಪನಿ ಮ್ಯಾಲ ತಪ್ಪು ಹೊರಿಸಿದ್ರ ಓದೋರಿಗೆ ದಾರಿ ತಪ್ಪಿಸಿದಂಗ ಆಗ್ತೈತಿ.

ಮೊದಲು ಕಾರ್ಡಿನ ಕೆಲಸದ ಬಗ್ಗೆ ಹೇಳಿ ಮುಗಿಸ್ತೀನಿ. ಸ್ಪೀಡ್ ಬಗ್ಗೆ ಮಾತಿಲ್ಲ, ಮೊದಲು ಒಂದು ತಾಸಿನ ಮದುವಿ ವಿಡಿಯೋ ಎಕ್ಸ್‌ಪೋರ್ಟ್‌ಗೆ ಹಾಕಿ ಊಟ ಮಾಡಿ ಮಲಗಿ ಎದ್ದು ಬರ್ತಿದ್ದೆ, ಈಗ ಚಾ ಕುಡದು ಬರೋದ್ರಾಗ ಮುಕ್ಕಾಲು ಮುಗದಿರ್ತೈತಿ. ಫ್ಯಾನ್ ಸೌಂಡ್ ಕಡಿಮಿ. ನಮ್ಮ ಕಡೆ ಬ್ಯಾಸಗಿ ನಿಮಗ ಗೊತ್ತೈತಿ, ಏಪ್ರಿಲ್‌ನಾಗ ಮಧ್ಯಾಹ್ನ ರೂಮಿನ ಗೋಡಿ ಮುಟ್ಟಿದ್ರ ಕೈ ಸುಡ್ತೈತಿ, ಅದರಾಗ ರೈಸ್ ಮಿಲ್ಲಿನ ತೌಡಿನ ಧೂಳ ಬ್ಯಾರೆ ಒಳಗ ಬರ್ತೈತಿ, ಅಷ್ಟಾದ್ರೂ ಕಾರ್ಡ್ ಒಮ್ಮಿಯೂ ಹ್ಯಾಂಗ್ ಆಗಿಲ್ಲ. ಹದಿನೈದು ದಿನಕ್ಕೊಮ್ಮಿ ಬ್ಲೋವರ್ ಹೊಡಿತೀನಿ ಅಷ್ಟ. ಇದೆಲ್ಲಾ ಚಲೋನ ಐತಿ.

ತೊಂದ್ರಿ ಬಣ್ಣದ್ದು.

ಹಳೆ ಕಾರ್ಡಿಗೆ ಡಿವಿಐ ಅನ್ನೋ ಹಳೆ ನಮೂನಿ ಪೋರ್ಟ್ (ಮಾನಿಟರ್ ಕೇಬಲ್ ಚುಚ್ಚೋ ಜಾಗ) ಇತ್ತು, ಮಾನಿಟರ್‌ಗೂ ಡಿವಿಐ ಇತ್ತು, ಆ ಬಿಳಿ ದಪ್ಪ ಕೇಬಲ್ ಎರಡೂ ಕಡೆ ತಿರುಪು ಹಾಕಿ ಬಿಗಿ ಮಾಡಿದ್ದೆ, ಏಳೆಂಟು ವರ್ಷ ಅದನ್ನ ಮುಟ್ಟೇ ಇರಲಿಲ್ಲ. ಹೊಸ ಕಾರ್ಡಿಗೆ ಡಿವಿಐ ಇಲ್ಲ, ಈಗ ಬರೋ ಕಾರ್ಡ್‌ನಾಗ ಅದು ಸಿಗೋದ ಅಪರೂಪ, ಒಂದು ಎಚ್‌ಡಿಎಂಐ ಮತ್ತ ಮೂರು ಡಿಸ್‌ಪ್ಲೇಪೋರ್ಟ್ ಅದಾವ. ನನ್ನ ಮಾನಿಟರ್ 24 ಇಂಚು, 1080ಪಿ (1920-1080 ಚುಕ್ಕಿ), ಅದರಾಗ ಡಿಸ್‌ಪ್ಲೇಪೋರ್ಟ್ ಇಲ್ಲ. ಹಂಗಾಗಿ ಎಚ್‌ಡಿಎಂಐ ಕೇಬಲ್ ಹಾಕಿ ಆನ್ ಮಾಡ್ದೆ.

ಆನ್ ಆದ ಕೂಡಲೇ ಏನೋ ಸರಿ ಇಲ್ಲ ಅನಿಸ್ತು. ಬೂಟ್ ಆಗುವಾಗ ಕರಿ ಇರ್ಬೇಕಾದ ಸ್ಕ್ರೀನ್ ಒಲಿ ಬೂದಿ ಕಲರ್ ಇತ್ತು. ಅವತ್ತು ತೆರೆದಿದ್ದು ಕುಷ್ಟಗಿ ಕಡೆಯ ಒಂದು ಮದುವಿ, ಮದುಮಗಳು ಇಳಕಲ್ ಸೀರಿ ಉಟ್ಟಿದ್ದಳು, ದಾಳಿಂಬ್ರ ಕೆಂಪು, ಟೋಪಿ ತೆನಿ ಸೆರಗು, ಆ ಕೆಂಪು ಹೆಂಗಿರ್ತೈತಿ ಅಂತ ನಮ್ಮ ಕಡೆ ಮಂದಿಗೆ ಹೇಳಬೇಕಾಗಿಲ್ಲ. ನನ್ನ ಸ್ಕ್ರೀನ್ ಮ್ಯಾಲ ಅದು ಹತ್ತು ಸಲ ಸೋಡಾ ಹಾಕಿ ಒಗದಂಗ ಕಾಣಿಸ್ತು. ಹೆರಳು ಕರ‍್ರಗ ಇಲ್ಲ, ಕಾಡಿಗಿ ಕರ‍್ರಗ ಇಲ್ಲ, ಮಲ್ಲಿಗಿ ಹೂವು ಬೆಳ್ಳಗಿಲ್ಲ, ಎಲ್ಲದರ ಮ್ಯಾಲ ತೆಳ್ಳಗ ಸುಣ್ಣದ ನೀರು ಬಳದಂಗ.

ನಾನು ಅಂದಕೊಂಡಿದ್ದು ಹೊಸ ಕಾರ್ಡ್, ಅದರ ಬಣ್ಣ ಹಿಂಗ ಇರ್ಬೇಕು ಅಂತ. ಎರಡು ದಿನ ಕೆಲಸ ಮಾಡೋದ್ರಾಗ ಕಣ್ಣು ಅದಕ್ಕ ಹೊಂದಿಕೊಂತು. ಇದ ದೊಡ್ಡ ಅಪಾಯ ನೋಡ್ರಿ, ಕಣ್ಣು ಹೊಂದಿಕೊಳ್ತೈತಿ. ಸ್ಕ್ರೀನ್ ಮ್ಯಾಲ ಚಲೋ ಕಾಣೋ ತನಕ ಪ್ರತಿ ಫೋಟೋದಾಗ ಬ್ಲ್ಯಾಕ್ಸ್ (ಕರಿ ಭಾಗ ಇನ್ನೂ ಕರಿ ಮಾಡೋ ಸೆಟ್ಟಿಂಗ್) ಕೆಳಗ ಎಳದೆ, ಕಾಂಟ್ರಾಸ್ಟ್ ಏರಿಸಿದೆ, ಸ್ಯಾಚುರೇಷನ್ ಏರಿಸಿದೆ, 40 ಸೀಟಿನ ಆಲ್ಬಮ್ ಪೂರ್ತಿ ಹಂಗ ಮಾಡಿ ಲ್ಯಾಬಿಗೆ ಕಳಿಸಿದೆ.

ಆಲ್ಬಮ್ ಬಂತು. ತೆರದು ನೋಡಿದ್ರ ಎದಿ ಝಲ್ ಅಂತು. ಮದುಮಗನ ಕರಿ ಕೋಟಿನಾಗ ಗುಂಡಿ ಕಾಣ್ತಿಲ್ಲ, ಹೆರಳಿನ ಎಳಿ ಎಳಿ ಎಲ್ಲಾ ಹೋಗಿ ಒಂದು ಕರಿ ಮುದ್ದಿ, ಅಕ್ಕಿಕಾಳು ಬೀಳೋ ಹೊತ್ತಿನ ಫೋಟೋದಾಗ ಹಿಂದ ನಿಂತ ಅಜ್ಜಿಯ ಮುಖ ಕತ್ತಲಾಗ ಮುಳುಗೈತಿ, ದಾಳಿಂಬ್ರ ಕೆಂಪು ಹೋಗಿ ಕುಂಕುಮ ನೀರಾಗ ಕಲಸಿದಂಗ ಕಣ್ಣಿಗೆ ಹೊಡಿತೈತಿ. ಮದುಮಗಳ ಅವ್ವ ಆಲ್ಬಮ್ ಮಡಿಚಿ ಇಟ್ಟು "ತಮ್ಮಾ, ನಮ್ಮ ಹುಡುಗಿ ಇಷ್ಟು ಕಪ್ಪ ಏನಪ್ಪಾ" ಅಂತ ಮೆಲ್ಲಕ ಕೇಳಿದ್ರು. ಬೈಲಿಲ್ಲ. ಆ ಅಜ್ಜಿ ಮದುವಿ ಆಗಿ ಇಪ್ಪತ್ತು ದಿನಕ್ಕ ತೀರಿಕೊಂಡಿದ್ರಂತ, ಆ ಮನಿಯವ್ರ ಹತ್ರ ಅವ್ರು ಕುಟುಂಬದ ಜೊತಿ ನಿಂತ ಕಡೀ ಫೋಟೋ ಅದ. ಅದನ್ನ ಕೇಳಿದ ಮ್ಯಾಲ ನನಗ ಎರಡು ದಿನ ಸರಿಯಾಗಿ ನಿದ್ದಿ ಬರಲಿಲ್ಲ. ನನ್ನ ಖರ್ಚಿನಾಗ ಪೂರ್ತಿ ಆಲ್ಬಮ್ ಮತ್ತ ಪ್ರಿಂಟ್ ಹಾಕಿಸಿ ಕೊಟ್ಟೆ, ಅದು ಆಮ್ಯಾಲಿನ ಮಾತು.

ಮೊದಲು ಲ್ಯಾಬಿನವ್ರಿಗೆ ಫೋನ್ ಮಾಡ್ದೆ, ಅವ್ರು ಫೈಲ್ ತೆರದು ನೋಡಿ "ಅಣ್ಣಾರ, ಫೈಲ್‌ನಾಗ ಕರಿ ಪೂರಾ ಸೊನ್ನಿಗೆ ಬಂದು ಕುಂತೈತಿ, ನಾವೇನು ಮಾಡೋದು" ಅಂದ್ರು. ಅವ್ರ ಮಾತು ಖರೆ ಇತ್ತು. ಆಮ್ಯಾಲ ಕಾರ್ಡ್ ತಂದ ಅಂಗಡಿಗೆ ಫೋನ್. ಅವ್ರು ಸ್ಕ್ರೀನ್‌ಶಾಟ್ ಕಳಸ್ರಿ ಅಂದ್ರು, ಕಳಿಸಿದೆ, "ಇಲ್ಲಿ ಎಲ್ಲಾ ಸರಿ ಕಾಣ್ತೈತಲ್ರಿ, ನಿಮ್ಮ ಮಾನಿಟರ್ ಹಳೇದಾಗೈತಿ" ಅಂದ್ರು. ಈ ಜಾಗದಾಗ ನಾನು ಪೂರ್ತಿ ದಾರಿ ತಪ್ಪಿದೆ, ಯಾಕಂದ್ರ ನಾನೂ ಆ ಸ್ಕ್ರೀನ್‌ಶಾಟ್ ಮೊಬೈಲ್‌ನಾಗ ನೋಡ್ದೆ, ಅದು ಖರೇನ ಚಲೋ ಇತ್ತು. ಈಗ ಗೊತ್ತಾಗೈತಿ, ಈ ತೊಂದ್ರಿ ಸ್ಕ್ರೀನ್‌ಶಾಟ್‌ನಾಗ ಯಾವತ್ತೂ ಸಿಗಂಗಿಲ್ಲ. ಸ್ಕ್ರೀನ್‌ಶಾಟ್ ತಗೊಳೋದು ಕಾರ್ಡಿನ ಒಳಗಿನ ಚಿತ್ರ, ಬಣ್ಣ ಕೆಡೋದು ಅದು ಪೋರ್ಟಿನಿಂದ ಹೊರಗ ಹೊಂಡೋ ಜಾಗದಾಗ. ಯಾರಿಗರ ತೋರಿಸಬೇಕಂದ್ರ ಮೊಬೈಲ್‌ನಿಂದ ಮಾನಿಟರಿನ ಫೋಟೋ ತೆಗೀರಿ, ಪಕ್ಕದಾಗ ಇನ್ನೊಂದು ಸರಿ ಇರೋ ಸ್ಕ್ರೀನ್ ಇಟ್ಟು ತೆಗೀರಿ.

ಮಾನಿಟರ್ ಹಳೇದು ಅಂದ್ರಲ್ಲ, ಅದಕ್ಕಿಂತ ಮೊದಲು ಕೇಬಲ್ ಬದಲಿ ಮಾಡೋಣ ಅಂತ ಇಲ್ಲೇ ಊರಾಗ ಒಂದು ಅಂಗಡಿಗೆ ಹೋದೆ. ಬಂಗಾರದ ಬಣ್ಣದ ಪಿನ್ ಇರೋ ಕೇಬಲ್, 1,200 ರೂಪಾಯಿ, ಇದನ್ನ ಹಾಕ್ರಿ ಕಲರ್ ಎದ್ದು ಬರ್ತೈತಿ ಅಂದ್ರು. ಹಾಕಿದೆ. ಕೂದಲೆಳಿಯಷ್ಟೂ ಬದಲಾಗಲಿಲ್ಲ. ಬದಲಾಗಂಗೂ ಇಲ್ಲ. ಹಳೆ ನೀಲಿ ವಿಜಿಎ ಕೇಬಲ್‌ನಾಗ ಕೆಂಪು, ಹಸಿರು, ನೀಲಿಗೆ ಬ್ಯಾರೆ ಬ್ಯಾರೆ ತಂತಿ ಇರ್ತಿದ್ವು, ಅವುಗಳ ಒಳಗ ವೋಲ್ಟೇಜ್ ಹೆಚ್ಚು ಕಡಿಮಿ ಆಗೋದ ಬಣ್ಣ, ಒಂದು ಪಿನ್ ಲೂಸಾದ್ರ ಸ್ಕ್ರೀನ್ ಹಳದಿ ಇಲ್ಲಾ ಗುಲಾಬಿ ಆಗ್ತಿತ್ತು, ಅದನ್ನ ಎಲ್ಲಾರೂ ನೋಡೀವಿ. ಎಚ್‌ಡಿಎಂಐ ಹಂಗಲ್ಲ, ಅದರಾಗ ಹೋಗೋದು ಬರೇ ಅಂಕಿ. ಅಂಕಿ ಸರಿಯಾಗಿ ಮುಟ್ಟಿದ್ರ ಅದ ಬಣ್ಣ, ಮುಟ್ಟದಿದ್ರ ಚುಕ್ಕಿ ಮಿಂಚ್ತಾವ, ಸ್ಕ್ರೀನ್ ಹೋಗಿ ಹೋಗಿ ಬರ್ತೈತಿ, ಇಲ್ಲಾ ಚಿತ್ರನ ಬರಂಗಿಲ್ಲ. ಪೂರ್ತಿ ಸ್ಕ್ರೀನ್ ಒಂದೇ ಸಮ ಮಾಸಿದಂಗ ಆಗೋದು ಕೇಬಲ್ಲಿನ ರೋಗ ಅಲ್ಲ. ಆ 1,200 ರೂಪಾಯಿ ಕೇಬಲ್‌ಗೆ ಐದಕ್ಕ ಒಂದು ಸ್ಟಾರ್ ಕೊಡ್ತೀನಿ, ಕೇಬಲ್ ಕೆಟ್ಟದ್ದಂತಲ್ಲ, ಸುಳ್ಳು ಹೇಳಿ ಮಾರಿದ್ದಕ್ಕ.

ಗುಟ್ಟು ಬಿಚ್ಚಿದ್ದು ಬಳ್ಳಾರಿ ದೋಸ್ತ. ಅವನು ಜೀನ್ಸ್ ಫ್ಯಾಕ್ಟರಿಗಳಿಗೆ ಕ್ಯಾಟಲಾಗ್ ಫೋಟೋ ಮಾಡಿಕೊಡ್ತಾನ, ಬಳ್ಳಾರಿ ಅಂದ್ರ ಜೀನ್ಸ್ ಅಲ್ಲೇನ್ರಿ. ಅವನಿಗೆ ಎರಡು ವರ್ಷದ ಹಿಂದ ಇದ ಆಗಿತ್ತಂತ. ಹೊಸ ಪಿಸಿ ತಂದು ಡಾರ್ಕ್ ಇಂಡಿಗೋ ಪ್ಯಾಂಟಿನ ಫೋಟೋ ಹಾಕಿದ್ರ ಸ್ಕ್ರೀನ್ ಮ್ಯಾಲ ಅದು ಎರಡು ವಾಷ್ ಆದ ಲೈಟ್ ಶೇಡ್ ಕಾಣಿಸ್ತಿತ್ತಂತ, ಕರಿ ಜೀನ್ಸ್ ಗ್ರೇ ಕಾಣಿಸ್ತಿತ್ತಂತ, ಫ್ಯಾಕ್ಟರಿ ಮಾಲೀಕರು ಬಂದು ಕೂತು ನೋಡಿ "ಇದು ನಮ್ಮ ಮಾಲ್ ಅಲ್ಲ, ಬ್ಯಾರೆಯವ್ರ ಮಾಲ್ ತೆಗದಿ ನೀನು" ಅಂತ ಜಗಳಕ್ಕ ನಿಂತ್ರಂತ. ಜೀನ್ಸ್ ಧಂದೆದಾಗ ಶೇಡ್ ಅನ್ನೋದ ಎಲ್ಲಾ, ಅದ ಬಟ್ಟಿ, ಅದ ಹೊಲಿಗಿ, ವಾಷ್ ಒಂದು ಬದಲಾದ್ರ ರೇಟ್ ಬದಲಾಗ್ತೈತಿ. ನಾನು ಫೋನ್‌ನಾಗ ಹೇಳಿದ ಕೂಡ್ಲೆ ಅವನು ಕೇಳಿದ್ದು ಒಂದ ಪ್ರಶ್ನಿ, "ಲೇ ದೋಸ್ತ, ಎಚ್‌ಡಿಎಂಐ ಹಾಕಿಯಾ? 1080 ಮಾನಿಟರ್ರಾ? ಹಂಗಿದ್ರ ನಿನ್ನ ಕಾರ್ಡ್ ನಿನ್ನ ಮಾನಿಟರ್‌ನ ಟಿವಿ ಅಂತ ತಿಳಕೊಂಡೈತಿ."

ಇಷ್ಟ ಸಂಗತಿ. ಉಳಿದದ್ದು ಇದರ ವಿವರ, ಅವನು ಹೇಳಿದ್ದು, ಆಮ್ಯಾಲ ನಾನ ಕುಂತು ಪರೀಕ್ಷಾ ಮಾಡಿ ನೋಡಿದ್ದು ಎರಡೂ ಸೇರಿಸಿ ಬರಿತೀನಿ.

ಕಂಪ್ಯೂಟರ್‌ನಾಗ ಪ್ರತಿ ಬಣ್ಣಕ್ಕ 0 ರಿಂದ 255 ತನಕ ಅಂಕಿ, 0 ಅಂದ್ರ ಪೂರ್ತಿ ಕರಿ, 255 ಅಂದ್ರ ಪೂರ್ತಿ ಬಿಳಿ, ಒಟ್ಟು 256 ಮೆಟ್ಟಿಲು. ಟಿವಿ ಲೋಕದಾಗ ಬ್ಯಾರೆ ರೂಢಿ, ಅಲ್ಲಿ 16 ಅಂದ್ರ ಕರಿ, 235 ಅಂದ್ರ ಬಿಳಿ, ಮೆಟ್ಟಿಲು 220 ಅಷ್ಟ. 1982ರಾಗ ಸ್ಟುಡಿಯೋ ಡಿಜಿಟಲ್ ವಿಡಿಯೋಕ್ಕ ಸಿಸಿಐಆರ್ 601 ಅಂತ ನಿಯಮ ಬಂತು, ಆವಾಗಿಂದ ಇದು ನಡಕೊಂಡು ಬಂದೈತಿ. ಸಿಗ್ನಲ್ ಸ್ವಲ್ಪ ಮ್ಯಾಲ ಕೆಳಗ ಜಿಗಿದ್ರೂ ಕತ್ತರಿಸಿ ಹೋಗಬಾರದು ಅಂತ ಎರಡೂ ತುದಿಗೆ ಸ್ವಲ್ಪ ಜಾಗ ಬಿಟ್ಟಾರ, ಹೊಲದ ಬದುವಿನ ಪಕ್ಕ ಬಿತ್ತದ ಬಿಟ್ಟಂಗ. ಅವ್ರ ಕಾಲಕ್ಕ ಅದು ಸರಿಯಾದ ವಿಚಾರನ.

ಈಗ ಎಚ್‌ಡಿಎಂಐ. 2002ರಾಗ ಇದನ್ನ ತಂದವ್ರು ಹೆಚ್ಚಿನವ್ರು ಟಿವಿ ಮಾಡೋ ಕಂಪನಿಗಳು, ಸೋನಿ, ಪ್ಯಾನಾಸಾನಿಕ್, ತೋಷಿಬಾ, ಫಿಲಿಪ್ಸ್, ಹಿಟಾಚಿ ಇಂಥವ್ರು. ಅದರ ಬಣ್ಣದ ನಿಯಮ ಸಿಇಎ-861 ಅನ್ನೋ ಟಿವಿ ಸ್ಟ್ಯಾಂಡರ್ಡ್‌ನಿಂದ ಬಂದದ್ದು. ಅದರ ಪ್ರಕಾರ 720ಪಿ, 1080ಪಿ ಇಂಥ ಟಿವಿ ಅಳತಿಯ ಚಿತ್ರ ಕಳಿಸೋವಾಗ ಬ್ಯಾರೆ ಏನೂ ಹೇಳದಿದ್ರ 16-235 ಕಳಿಸಬೇಕು, 640-480 ಒಂದಕ್ಕ ಮಾತ್ರ ಬಿಡುವು, ಮತ್ತ 1366-768, 1920-1200 ಇಂಥ ಕಂಪ್ಯೂಟರ್ ಅಳತಿಗೆ 0-255. ಮಾನಿಟರ್ ಚಾಲೂ ಆದಾಗ ಅದು ಕಾರ್ಡಿಗೆ ಇಡಿಐಡಿ ಅನ್ನೋ ಒಂದು ಚೀಟಿ ಕೊಡ್ತೈತಿ, ನಾನು ಯಾರು, ನನಗ ಏನೇನು ಬರ್ತೈತಿ ಅಂತ, 128 ಬೈಟ್ ಚೀಟಿ. ಎಚ್‌ಡಿಎಂಐ ಮಾನಿಟರ್‌ಗಳಾಗ ಅದಕ್ಕ ಇನ್ನೊಂದು 128 ಬೈಟ್ ಟಿವಿ ಪುಟ ಅಂಟಿಸಿರ್ತಾರ. ಕಾರ್ಡ್ ಆ ಪುಟ ನೋಡ್ತೈತಿ, 1080ಪಿ 60 ಹರ್ಟ್ಸ್ (ಸೆಕೆಂಡಿಗೆ 60 ಚಿತ್ರ) ನೋಡ್ತೈತಿ, ಓಹೋ ಇದು ಟಿವಿ ಅಂತ ತಿಳಕೊಂಡು 16-235 ಕಳಸ್ತೈತಿ. ಮಾನಿಟರ್ ಪಾಪ ಕಂಪ್ಯೂಟರ್ ಮಾನಿಟರ್, ಅದು 0-255 ಬರ್ತೈತಿ ಅಂತ ಕಾಯ್ಕೊಂಡು ಕುಂತಿರ್ತೈತಿ. 16 ಬಂದ್ರ ಅದಕ್ಕ ಅದು ಕರಿ ಅಲ್ಲ, ಕರಿಗಿಂತ ಹದಿನಾರು ಮೆಟ್ಟಿಲು ಮ್ಯಾಲಿನ ಬೂದಿ. 235 ಬಂದ್ರ ಅದಕ್ಕ ಬಿಳಿ ಅಲ್ಲ, ಮಾಸಿದ ಬಿಳಿ.

ಡಿವಿಐನಾಗ ನನಗ ಯಾಕ ಈ ತೊಂದ್ರಿ ಇರಲಿಲ್ಲ ಅಂದ್ರ 1999ರಾಗ ಬಂದ ಡಿವಿಐ ಹುಟ್ಟಿದ್ದ ಕಂಪ್ಯೂಟರ್ ಸಲುವಾಗಿ, ಅದರಾಗ ಟಿವಿ ಮಾತ ಇಲ್ಲ. ಅಂದ್ರ ಕಾರ್ಡ್ ಬದಲಾದದ್ದಕ್ಕ ಬಣ್ಣ ಹೋಗಿರಲಿಲ್ಲ, ಪೋರ್ಟ್ ಬದಲಾದದ್ದಕ್ಕ ಹೋಗಿತ್ತು. ಇದು ತಿಳದಾಗ ನನಗ ಒಂದು ಕಡೆ ಸಮಾಧಾನ, ಒಂದು ಕಡೆ ಸಿಟ್ಟು.

ಎಷ್ಟು ನಷ್ಟ ಅಂತ ಲೆಕ್ಕ ಹಾಕಿ ನೋಡ್ದೆ. ಮಾನಿಟರ್ ಡಬ್ಬಿ ಮ್ಯಾಲ ಕಾಂಟ್ರಾಸ್ಟ್ 1000:1 ಅಂತ ಬರದೈತಿ, ಅಂದ್ರ ಬಿಳಿಯ ಬೆಳಕು ಕರಿಗಿಂತ ಸಾವಿರ ಪಟ್ಟು. ಗಾಮಾ (ಅಂಕಿಯಿಂದ ಬೆಳಕು ಲೆಕ್ಕ ಹಾಕೋ ಸೂತ್ರ) 2.2 ಹಿಡಿದ್ರ 235ರ ಬೆಳಕು ಪೂರ್ತಿ ಬಿಳಿಯ ನೂರಕ್ಕ 84ರಷ್ಟು, 16ರ ಬೆಳಕು ನೂರಕ್ಕ 0.23ರಷ್ಟು, ಅದಕ್ಕ ಮಾನಿಟರ್‌ನ ಸ್ವಂತ ಕರಿಯ 0.1 ಸೇರಿಸ್ರಿ, ಭಾಗಿಸಿದ್ರ ಸುಮಾರು 250:1 ಬರ್ತೈತಿ. ಅಂದ್ರ ದುಡ್ಡು ಕೊಟ್ಟು ತಂದ ಕಾಂಟ್ರಾಸ್ಟ್‌ನಾಗ ನಾಲ್ಕನೇ ಒಂದು ಪಾಲು ಅಷ್ಟ ಉಳೀತು. ಸುಣ್ಣದ ನೀರು ಬಳದಂಗ ಕಾಣ್ತಿದ್ದದ್ದು ನನ್ನ ಭ್ರಮಿ ಆಗಿರಲಿಲ್ಲ. ಮತ್ತ ಆ ಬೂದಿನ್ನ ಕರಿ ಮಾಡೋದಕ್ಕ ನಾನು ಬ್ಲ್ಯಾಕ್ಸ್ ಎಳದಾಗ ಫೈಲ್‌ನಾಗ ಕೋಟಿನ ಮಡಿಕಿ, ಹೆರಳಿನ ಎಳಿ, ಅಜ್ಜಿಯ ಮುಖದ ನೆರಳು ಎಲ್ಲಾ ಖರೇನ ಸೊನ್ನಿಗೆ ಹೋಗಿ ಬಿದ್ವು. ಸ್ಕ್ರೀನ್ ಸುಳ್ಳು ಹೇಳ್ತಿತ್ತು, ನಾನು ಅದನ್ನ ನಂಬಿ ಚಲೋ ಇದ್ದ ಫೈಲ್ ಕೆಡಿಸಿದೆ. ಪುಣ್ಯಕ್ಕ ಫೋಟೋಗ್ರಾಫರ್ ಹತ್ರ ಒರಿಜಿನಲ್ ಫೋಟೋ ಎಲ್ಲಾ ಇದ್ವು.

ಈಗ ಸರಿ ಮಾಡೋದು. ಎರಡು ನಿಮಿಷದ ಕೆಲಸ, ಒಂದು ಪೈಸಾ ಖರ್ಚಿಲ್ಲ. ಎನ್ವಿಡಿಯಾ ಕಾರ್ಡ್ ಇದ್ದವ್ರು ಕಂಟ್ರೋಲ್ ಪ್ಯಾನೆಲ್ ತೆರದು ಚೇಂಜ್ ರೆಸಲ್ಯೂಷನ್ ಪುಟಕ್ಕ ಹೋಗ್ರಿ, ಕೆಳಗ ಡೀಫಾಲ್ಟ್ ಕಲರ್ ಸೆಟ್ಟಿಂಗ್ಸ್ ಅಂತ ಇರೋದನ್ನ ಬಿಟ್ಟು ಎನ್ವಿಡಿಯಾ ಕಲರ್ ಸೆಟ್ಟಿಂಗ್ಸ್ ಆರಿಸ್ರಿ, ಫಾರ್ಮ್ಯಾಟ್ ಆರ್‌ಜಿಬಿ, ಔಟ್‌ಪುಟ್ ಡೈನಾಮಿಕ್ ರೇಂಜ್ ಲಿಮಿಟೆಡ್ (16-235) ಇದ್ದದ್ದನ್ನ ಫುಲ್ (0-255) ಮಾಡಿ ಅಪ್ಲೈ ಒತ್ರಿ. ಅದ ಪುಟದಾಗ ರೆಸಲ್ಯೂಷನ್ ಪಟ್ಟಿ ಎರಡು ಗುಂಪಾಗಿ ಇರ್ತೈತಿ, ಮ್ಯಾಲ ಟಿವಿ ಅಳತಿಗಳು, ಕೆಳಗ ಪಿಸಿ ಅಂತ, 1920-1080 ಪಿಸಿ ಗುಂಪಿನಾಗ ಸಿಕ್ರ ಅಲ್ಲಿಂದನ ಆರಿಸ್ರಿ. ಎಎಂಡಿ ಇದ್ದವ್ರು ಅದರ ಸಾಫ್ಟ್‌ವೇರ್‌ನಾಗ ಡಿಸ್‌ಪ್ಲೇ ಪುಟಕ್ಕ ಹೋಗಿ ಪಿಕ್ಸೆಲ್ ಫಾರ್ಮ್ಯಾಟ್ ಅನ್ನೋದನ್ನ ಆರ್‌ಜಿಬಿ 4:4:4 ಪಿಸಿ ಸ್ಟ್ಯಾಂಡರ್ಡ್, ಫುಲ್ ಆರ್‌ಜಿಬಿ ಮಾಡ್ರಿ, ಸ್ಟುಡಿಯೋ ಅಂತ ಇರೋದು ಬ್ಯಾಡ, ಹೆಸರು ನೋಡಿ ಸ್ಟುಡಿಯೋದವ್ರು ನಾವು ಅಂತ ಅದನ್ನ ಹಾಕಿಕೊಂಡವ್ರನ್ನ ನಾನು ನೋಡೀನಿ, ಅದು ಟಿವಿ ಸ್ಟುಡಿಯೋದ 16-235. ಇಂಟೆಲ್ ಆದ್ರ ಕ್ವಾಂಟೈಸೇಷನ್ ರೇಂಜ್ ಅಂತ ಇರ್ತೈತಿ, ಅದನ್ನ ಫುಲ್. ಲಿನಕ್ಸ್ ಬಳಸೋ ಹುಡುಗ್ರು ಇಂಟೆಲ್ ಗ್ರಾಫಿಕ್ಸ್ ಮ್ಯಾಲ ಬ್ರಾಡ್‌ಕಾಸ್ಟ್ ಆರ್‌ಜಿಬಿ ಅನ್ನೋ ಪ್ರಾಪರ್ಟಿ ಹುಡುಕ್ರಿ.

ನಾನು ಫುಲ್ ಒತ್ತಿದಾಗ ಸ್ಕ್ರೀನ್ ಒಂದು ಸಲ ಕರಿ ಆಗಿ ಬಂತು. ಬಂದ ಕೂಡಲೇ ಅದ ಇಳಕಲ್ ಸೀರಿ ಫೋಟೋ ತೆರದು ನೋಡ್ದೆ. ಮಳಿ ಬಂದು ನಿಂತ ಮ್ಯಾಲ ಆನೆಗೊಂದಿ ಬಂಡಿಗಲ್ಲು ಹೆಂಗ ಎದ್ದು ಕಾಣ್ತಾವೋ ಹಂಗ ಕಾಣಿಸ್ತು. ಸುಮ್ನ ಐದು ನಿಮಿಷ ನೋಡಿಕೊಂತ ಕುಂತೆ.

ಆದ್ರ ಮರುದಿನ ನಾನ ಒಂದು ತಪ್ಪು ಮಾಡಿದೆ, ಅದನ್ನೂ ಹೇಳ್ತೀನಿ. ಮಾನಿಟರ್‌ನ ಮೆನುವಿನಾಗೂ ಇದರ ಜೋಡಿ ಸೆಟ್ಟಿಂಗ್ ಇರ್ತೈತಿ, ಒಬ್ಬೊಬ್ಬ ಕಂಪನಿ ಒಂದೊಂದು ಹೆಸರು ಇಟ್ಟಾರ, ಎಚ್‌ಡಿಎಂಐ ಬ್ಲ್ಯಾಕ್ ಲೆವೆಲ್ ಅಂತಾರ, ಆರ್‌ಜಿಬಿ ರೇಂಜ್ ಅಂತಾರ, ಲೋ, ನಾರ್ಮಲ್, ಹೈ ಅಂತ ಬರದಿರ್ತಾರ. ನಾನು ಇನ್ನೂ ಚಲೋ ಆಗ್ಲಿ ಅಂತ ಅದನ್ನ ಲೋ ಮಾಡ್ದೆ. ಈಗ ಉಲ್ಟಾ ಆತು, ಕಾರ್ಡ್ 0-255 ಕಳಸ್ತೈತಿ, ಮಾನಿಟರ್ 16-235 ಅಂತ ಓದ್ತೈತಿ, 16ಕ್ಕಿಂತ ಕೆಳಗಿಂದೆಲ್ಲಾ ಒಂದ ಕರಿ, 235ಕ್ಕಿಂತ ಮ್ಯಾಲಿಂದೆಲ್ಲಾ ಒಂದ ಬಿಳಿ. ಇದು ಇನ್ನೂ ಮೋಸ, ಯಾಕಂದ್ರ ನೋಡೋಕ್ಕ ಬಣ್ಣ ಝಗಮಗ ಅಂತಾವ, ಗಿರಾಕಿಗಳಿಗೆ ಬಾಳ ಇಷ್ಟ ಆಗ್ತೈತಿ, ಆದ್ರ ಮಲ್ಲಿಗಿ ಮೊಗ್ಗು ಒಂದಕ್ಕೊಂದು ಅಂಟಿ ಬಿಳಿ ಗಡ್ಡಿ ಆಗಿರ್ತಾವ. ಎರಡೂ ಕಡೆ ಒಂದ ಭಾಷಾ ಇರ್ಬೇಕು, ಅಷ್ಟ. ಎನ್ವಿಡಿಯಾದಾಗ ಇನ್ನೊಂದು ಗೊಂದಲ ಐತಿ, ಅಡ್ಜಸ್ಟ್ ವಿಡಿಯೋ ಕಲರ್ ಸೆಟ್ಟಿಂಗ್ಸ್ ಅನ್ನೋ ಪುಟದಾಗೂ ಡೈನಾಮಿಕ್ ರೇಂಜ್ ಅಂತ ಇರ್ತೈತಿ, ಅದು ವಿಡಿಯೋ ಪ್ಲೇಯರ್‌ಗೆ ಅಷ್ಟ, ಡೆಸ್ಕ್‌ಟಾಪ್‌ಗೆ ಅಲ್ಲ, ಅಲ್ಲಿ ಫುಲ್ ಮಾಡಿ "ಏನೂ ಆಗ್ಲಿಲ್ರಿ" ಅನ್ನಬ್ಯಾಡ್ರಿ.

ನಿಮ್ಮದರಾಗ ಈ ರೋಗ ಐತೋ ಇಲ್ಲೋ ನೋಡೋಕ್ಕ ಯಾವ ಮಷಿನ್ನೂ ಬ್ಯಾಡ. ಫೋಟೋಶಾಪ್‌ನಾಗ ಪೂರ್ತಿ 0 ಕರಿ ತುಂಬಿದ ಒಂದು ಹಾಳಿ ಮಾಡ್ರಿ, ನಡುವ 5, 10, 15, 20 ಅಂಕಿಯ ನಾಕು ಚೌಕ ಹಾಕ್ರಿ. ರಾತ್ರಿ ಲೈಟ್ ಆರಿಸಿ ಫುಲ್ ಸ್ಕ್ರೀನ್‌ನಾಗ ನೋಡ್ರಿ. ಚೌಕ ಎಲ್ಲಾ ಕಾಣ್ತಾವ, ಆದ್ರ ಹಿಂದಿನ ಕರಿನ ಬೂದಿ ಐತಿ ಅಂದ್ರ ಕಾರ್ಡ್ ಲಿಮಿಟೆಡ್ ಕಳಸ್ತೈತಿ. ಹಿಂದಿನ ಕರಿ ಗಟ್ಟಿ ಐತಿ ಆದ್ರ 5, 10, 15 ಚೌಕ ಮೂರೂ ಕಾಣಂಗಿಲ್ಲ ಅಂದ್ರ ಮಾನಿಟರ್ ಲಿಮಿಟೆಡ್ ಓದ್ತೈತಿ. ಕರಿ ಗಟ್ಟಿ ಇದ್ದು 10ರ ಚೌಕ ಮಸುಕಾಗಿ ಕಂಡ್ರ ನಿಮ್ಮದು ಸರಿ ಐತಿ. ನಾನು ಈ ಹಾಳಿನ್ನ ಡೆಸ್ಕ್‌ಟಾಪ್ ಮ್ಯಾಲ ಇಟ್ಟೀನಿ, ದಿನಾ ಬೆಳಿಗ್ಗಿ ದೀಪ ಹಚ್ಚಿದ ಮ್ಯಾಲ ಒಮ್ಮಿ ತೆರದು ನೋಡಿನ ಕೆಲಸ ಶುರು ಮಾಡೋದು. ಯಾಕಂದ್ರ ಈ ಐದು ತಿಂಗಳಾಗ ಎರಡು ಸಲ ಡ್ರೈವರ್ ಅಪ್‌ಡೇಟ್ ಆದಾಗ ಸೆಟ್ಟಿಂಗ್ ತಾನಾಗೆ ಹಿಂದಕ್ಕ ಲಿಮಿಟೆಡ್‌ಗೆ ಹೋಗಿತ್ತು. ಕಾರ್ಡಿಗೆ ನಾನು ಒಂದು ಸ್ಟಾರ್ ಕಡಿಮಿ ಕೊಡೋದು ಇದಕ್ಕ, ಬರೇ ಇದಕ್ಕ.

ಇನ್ನೊಂದು ಟಿವಿ ಮಾತು. ಗಿರಾಕಿಗಳಿಗೆ ಆಲ್ಬಮ್ ತೋರಿಸೋಕ್ಕ 43 ಇಂಚಿನ 4ಕೆ ಟಿವಿ ಹಾಕೀನಿ ಅಂಗಡ್ಯಾಗ. ಅದರಾಗ ಫೋಟೋ ಚಲೋ ಕಾಣ್ತಿತ್ತು, ಆದ್ರ ಕರಿ ಹಾಳಿ ಮ್ಯಾಲ ಕೆಂಪು ಅಕ್ಷರದಾಗ ಮದುಮಕ್ಕಳ ಹೆಸರು ಬರದ್ರ ಅಂಚು ಹರಕೊಂಡಂಗ, ಮಸಿ ಇಳದಂಗ ಕಾಣ್ತಿತ್ತು. ಇದು ರೇಂಜ್ ತೊಂದ್ರಿ ಅಲ್ಲ, ಇದರ ತಮ್ಮ. 4ಕೆ 60 ಹರ್ಟ್ಸ್ ಚಿತ್ರ ಪೂರ್ತಿ ಬಣ್ಣದಾಗ ಕಳಿಸೋಕ್ಕ 594 ಮೆಗಾಹರ್ಟ್ಸ್ ವೇಗ ಬೇಕು, 2009ರ ಎಚ್‌ಡಿಎಂಐ 1.4 ಪೋರ್ಟಿನ ತಾಕತ್ತು 340 ತನಕ. ಹಿಡಿಸದ ಇದ್ದಾಗ ಕಾರ್ಡ್ ಬಣ್ಣದ ವಿವರ ಕಾಲು ಪಾಲಿಗೆ ಇಳಿಸಿ ತುರುಕ್ತೈತಿ, ಅದಕ್ಕ 4:2:0 ಅಂತಾರ. ಹೆಂಗಂದ್ರ ರಂಗೋಲಿ ಹಾಕೋವಾಗ ಚುಕ್ಕಿ ಎಲ್ಲಾ ಸರಿಯಾಗಿ ಇಟ್ಟು, ಬಣ್ಣದ ಪುಡಿ ಮಾತ್ರ ನಾಕು ಚುಕ್ಕಿಗೆ ಒಂದು ಚಿಟಿಕಿ ಹಾಕಿದಂಗ. ದೂರದಿಂದ ನೋಡಿದ್ರ ಫರಕು ಗೊತ್ತಾಗಂಗಿಲ್ಲ, ಸಿನಿಮಾ ನೋಡೋರಿಗೆ ಏನೂ ತೊಂದ್ರಿ ಇಲ್ಲ, ಆದ್ರ ತೆಳ್ಳನ ಕೆಂಪು ಗೆರಿ, ನೀಲಿ ಗೆರಿ, ಸಣ್ಣ ಅಕ್ಷರ ಎಲ್ಲಾ ಕಲಸಿ ಹೋಗ್ತಾವ. 2013ರಾಗ ಬಂದ ಎಚ್‌ಡಿಎಂಐ 2.0 ಪೋರ್ಟ್ 600 ಮೆಗಾಹರ್ಟ್ಸ್, ಸೆಕೆಂಡಿಗೆ 18 ಗಿಗಾಬಿಟ್ ತನಕ ಹೊರ‍್ತೈತಿ, ಅದರಾಗ 8 ಬಿಟ್ ಪೂರ್ತಿ ಬಣ್ಣ ಹಿಡಿಸ್ತೈತಿ. ನನ್ನ ಕಾರ್ಡಿಗೆ ಆ ತಾಕತ್ತು ಇತ್ತು, ಟಿವಿಗೂ ಇತ್ತು, ಆದ್ರ ಟಿವಿ ಆ ತಾಕತ್ತನ್ನ ಮೆನು ಒಳಗ ಬಚ್ಚಿಟ್ಟಿತ್ತು, ಆ ಎಚ್‌ಡಿಎಂಐ ಪೋರ್ಟಿಗೆ ಬ್ಯಾರೆ ಸೆಟ್ಟಿಂಗ್ ಆನ್ ಮಾಡ್ಬೇಕು, ಮತ್ತ ಇನ್‌ಪುಟ್ ಹೆಸರನ್ನ ಪಿಸಿ ಅಂತ ಬದಲಿ ಮಾಡ್ಬೇಕು. ಎರಡೂ ಮಾಡಿದ್ಮ್ಯಾಲ ಅಕ್ಷರ ಚಾಕುವಿನಿಂದ ಕೊರದಂಗ ಆದ್ವು. ಟಿವಿ ಮ್ಯಾಲ ರೇಂಜ್ ಮಾತ್ರ ಟಿವಿ ಏನು ಓದ್ತೈತಿ ನೋಡಿನ ಇಡ್ರಿ, ನನ್ನ ಟಿವಿ ಪಿಸಿ ಹೆಸರು ಕೊಟ್ಟ ಮ್ಯಾಲ ಫುಲ್ ಓದಾಕತ್ತು.

ಡಿಸ್‌ಪ್ಲೇಪೋರ್ಟ್ ಇರೋ ಮಾನಿಟರ್ ಇದ್ರ ಅದನ್ನ ಬಳಸ್ರಿ ಅಂತ ನನ್ನ ಸಲಹಿ. 2006ರಾಗ ಬಂದದ್ದು, ಕಂಪ್ಯೂಟರ್ ಮಂದಿ ಕಂಪ್ಯೂಟರ್ ಸಲುವಾಗಿ ಮಾಡಿದ್ದು, ಹೆಚ್ಚಾಗಿ ಫುಲ್‌ನ ಬರ್ತೈತಿ. ಆದ್ರೂ ಚೌಕದ ಹಾಳಿ ಒಮ್ಮಿ ತೆರದು ನೋಡ್ರಿ, ಅದರ ಮ್ಯಾಲೂ 1080ಪಿ ನೋಡಿ ಟಿವಿ ಅಂತ ತಿಳಕೊಂಡ ಕಾರ್ಡ್ ಅದಾವ.

ಅಂಗಡಿ ಬಗ್ಗೆ. ಬಳ್ಳಾರಿ ಅಂಗಡಿಯವ್ರಿಗೆ ನಾನು ಇದನ್ನೆಲ್ಲಾ ಹೋಗಿ ಎದುರಿಗೆ ಕುಂತು ಹೇಳಿದೆ, ಜಗಳ ಮಾಡೋಕ್ಕ ಹೋಗಿರಲಿಲ್ಲ. ಮೊದಲು ಒಪ್ಪಲಿಲ್ಲ, "ಗೇಮ್ ಆಡೋ ಹುಡುಗ್ರು ಯಾರೂ ಕಂಪ್ಲೇಂಟ್ ಮಾಡಿಲ್ರಿ ಸಾಹೇಬ್ರ" ಅಂದ್ರು. ಅವ್ರ ಕೌಂಟರ್ ಮ್ಯಾಲ ಇದ್ದ ಡೆಮೋ ಪಿಸಿದಾಗನ ಚೌಕದ ಹಾಳಿ ತೆರದು ತೋರಿಸಿದೆ, ಅದೂ ಲಿಮಿಟೆಡ್ ಇತ್ತು. ಫುಲ್ ಮಾಡಿದಾಗ ಅಂಗಡ್ಯಾಗ ಇದ್ದ ಮೂರು ಮಂದಿನೂ ಎದ್ದು ಬಂದು ನೋಡಿದ್ರು. ಹಿಂದಿನ ವಾರ ಒಬ್ರು ಇದ ಕಾರ್ಡ್ ಬಣ್ಣ ಸರಿ ಇಲ್ಲಂತ ವಾಪಸ್ ಕೊಟ್ಟಿದ್ರಂತ, ಅದನ್ನ ಕೆಟ್ಟೈತಿ ಅಂತ ಸರ್ವಿಸ್‌ಗೆ ಕಳಿಸಿದ್ರಂತ. ಈಗ ಅವ್ರು ಪಿಸಿ ಜೋಡಿಸಿ ಕೊಡೋವಾಗ ಇದನ್ನ ನೋಡಿನ ಕೊಡ್ತಾರ ಅಂತ ದೋಸ್ತ ಹೇಳಿದ. ಅದಕ್ಕ ಅಂಗಡಿಗೆ ಐದಕ್ಕ ಮೂರೂವರಿ. ಕಾರ್ಡಿಗೆ ನಾಕು.

ಮೊನ್ನೆ ಸಿಂಧನೂರಿನಿಂದ ಒಬ್ಬ ಫೋಟೋಗ್ರಾಫರ್ ಹುಡುಗ ಬಂದಿದ್ದ, ಅಣ್ಣಾ ನನ್ನ ಮಾನಿಟರ್ ಹೋಗೈತಿ, ಹೊಸದು ತಗೊಬೇಕು, ಯಾವುದು ಚಲೋ ಅಂತ ಕೇಳಿದ. ಕೇಬಲ್ ಯಾವುದು ಹಾಕಿ ಅಂತ ನಾನು ಕೇಳಿದೆ.